ಲಂಗರಿಲ್ಲದ ಶವಪೆಟ್ಟಿಗೆ

"ಓದು," ಎಂದ ಜೇಬೆಜ್ ಟಿಮ್ಮಿಸ್. "ನಿಧಾನಕ್ಕೆ ಓದು. ಆಮೇಲೆ ಹುಚ್ಚು ಹಿಡಿದಿರೋದು ನಂಗೋ ಆ ಕರ್ನಲ್‌ಗೋ ನೀನೇ ಹೇಳು, ಸೈಲಸ್."

ನಿನ್ನೆ ಬೆಳಿಗ್ಗೆ ಬಂದ ಚೀಟಿಯನ್ನು ನನ್ನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಿದ್ದ. ದಪ್ಪ ಕಾಗದ. ತಲೆಯ ಮೇಲೆ ನೀಲಿ ಶಾಯಿಯಲ್ಲಿ ಅಚ್ಚಾದ ಒಂದು ಲಂಗರು, ಅದರ ಕೆಳಗೆ 'ಆಂಕರ್‌ಹೋಪ್' ಎಂದು ಬಂಗಲೆಯ ಹೆಸರು. ಅದರಡಿ ಕರ್ನಲ್ ಆಬ್ರಿ ಪರ್ಸ್‌ಲೋನ ಕೈಬರಹದಲ್ಲಿ ಮೂರೇ ಸಾಲು.

'ಪೆಟ್ಟಿಗೆಯ ಹಿತ್ತಾಳೆ ತಗಡಿನ ಮೇಲೆ ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ. ಲಂಗರು ಬೇಡ. ಅದರ ಜಾಗದಲ್ಲಿ ಒಂದು ಚಿಕ್ಕ ಕಿಟಕಿ.'

ಜೇಬೆಜ್ ನಮ್ಮೂರಿನ ಬಡಗಿ. ತೊಟ್ಟಿಲು ಮಾಡುವವನೂ ಅವನೇ, ಶವಪೆಟ್ಟಿಗೆ ಮಾಡುವವನೂ ಅವನೇ. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಅವನ ತಾತ, ಅವನಪ್ಪ, ಅವನು, ಮೂವರೂ ಸೇರಿ ಪರ್ಸ್‌ಲೋ ಮನೆತನದ ಹದಿನಾಲ್ಕು ಹೆಣಗಳಿಗೆ ಲಂಗರು ಕೆತ್ತಿದ್ದಾರೆ. ಹದಿನೈದನೆಯದಕ್ಕೆ ಕಿಟಕಿ ಎಂದರೆ ಅವನಿಗೆ ಅವಮಾನ.

"ಕಿಟಕಿಯಂತೆ ಕಿಟಕಿ. ಒಳಗೆ ಮಲಗಿರೋರು ಹೊರಗಡೆ ಯಾರು ಬಂದ್ರು ಅಂತ ನೋಡ್ಬೇಕಾ?"

ಮಲಗಬೇಕಾಗಿದ್ದವರು ಕರ್ನಲ್‌ನ ಅಕ್ಕ ಮಿಸ್ ಲೆಟಿಸ್. ಗುರುವಾರ ಮಧ್ಯಾಹ್ನ ಬಂಗಲೆಯ ಹಿಂದಿನ ಮೆಟ್ಟಿಲ ಬುಡದಲ್ಲಿ ಕತ್ತು ಮುರಿದು ಬಿದ್ದಿದ್ದರು, ಎರಡೂ ತೋಳುಗಳ ಮೇಲೆ ಯಾರೋ ಬಿಗಿಯಾಗಿ ಹಿಡಿದ ಬೆರಳಿನ ಗುರುತಿತ್ತು, ಶುಕ್ರವಾರ ನಮ್ಮ ಪೊಲೀಸ್ ಸೂಪರಿಂಟೆಂಡೆಂಟ್ ಸಾಹೇಬರು ಮನೆ ನೋಡಿಕೊಳ್ಳುವ ವಿನಿಫ್ರೆಡ್ ಗಾಫ್‌ಳನ್ನು ಹಿಡಿದು ಒಳಗೆ ಹಾಕಿದ್ದರು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅವಳು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಬೇಕು. ಈ ಐವತ್ತನಾಲ್ಕನೇ ಇಸವಿಯಲ್ಲೂ ನಮ್ಮ ದೇಶದಲ್ಲಿ ಕೊಲೆಗೆ ಹಗ್ಗವೇ ಗತಿ. ಇವತ್ತು ಶನಿವಾರ. ನನ್ನ ಕೈಯಲ್ಲಿದ್ದದ್ದು ಎರಡು ದಿನ.

ಅವಳ ಮೇಲಿನ ಸಾಕ್ಷಿ ಏನೆಂದರೆ ಅವಳದೇ ಬಾಯಿ. ಟಪಾಲು ಹಂಚುವ ಡೋರಿಸ್ ಬ್ರೀಜ್ ಗುರುವಾರ ಎರಡೂವರೆಗೆ ಬಾಗಿಲಲ್ಲಿ ನಿಂತಿದ್ದಾಗ ಕೇಳಿಸಿಕೊಂಡಿದ್ದಳಂತೆ: "ಒಂದಿನ ನಿಮ್ಮನ್ನ ಮೆಟ್ಟಿಲ ಮೇಲಿಂದ ನಾನೇ ತಳ್ಳಿಬಿಡ್ತೀನಿ ನೋಡಿ." ಮಿಸ್ ಲೆಟಿಸ್ ಬರೀ ಕಾಲುಚೀಲದಲ್ಲಿ ಆ ನುಣುಪು ಮೆಟ್ಟಿಲು ಹತ್ತಿಳಿಯುವಾಗೆಲ್ಲ ಮಿಸೆಸ್ ಗಾಫ್ ಈ ಮಾತು ಹೇಳುತ್ತಿದ್ದಳು, ಇಪ್ಪತ್ತು ವರ್ಷದಿಂದ. ಇದನ್ನು ನಾನು ಸಾಹೇಬರಿಗೆ ಹೇಳಿದೆ. ಇಪ್ಪತ್ತು ವರ್ಷದ ಯೋಚನೆ ಅಂತಾಯಿತು ಹಾಗಾದರೆ ಎಂದರು ಅವರು. ಇಂಥ ಬುದ್ಧಿವಂತರ ಕೈಕೆಳಗೆ ದುಡಿಯುವುದು ನನ್ನ ಹಣೆಬರಹ.

ಅವಳನ್ನು ಹಿಡಿಯಲು ಇನ್ನೊಂದು ಕಾರಣವೂ ಇತ್ತು. ಆ ಮನೆಯಲ್ಲಿ ಮಿಸ್ ಲೆಟಿಸ್ ಜೊತೆ ಮಾತಾಡುತ್ತಿದ್ದ ಜೀವ ಮಿಸೆಸ್ ಗಾಫ್ ಒಬ್ಬಳೇ.

ಅಕ್ಕ ತಮ್ಮಂದಿರದು ಮೊದಲಿನಿಂದಲೂ ಎತ್ತು ಏರಿಗೆ, ಕೋಣ ನೀರಿಗೆ. ಯುದ್ಧದ ಕಾಲದಲ್ಲಿ ಕರ್ನಲ್ ಒಂದು ಮಾತೂ ಕೇಳದೆ ಗೇಟಿನಿಂದ ಬಂಗಲೆಯವರೆಗಿನ ಲಿಂಡನ್ ಮರಗಳ ಸಾಲನ್ನು ಕಡಿಸಿ ಸೈನ್ಯಕ್ಕೆ ಕೊಟ್ಟ. ಅವತ್ತಿನಿಂದ ಮಾತು ಬಂದ್. ನಲವತ್ತು ಕೋಣೆಯ ಮನೆಯಲ್ಲಿ ಅವಳೊಂದು ಮೂಲೆ, ಇವನೊಂದು ಮೂಲೆ, ನಡುವೆ ಹಸಿರು ದಪ್ಪ ಬಟ್ಟೆ ಹೊದಿಸಿದ ಒಂದು ಬಾಗಿಲು. ಮಾತನ್ನು ಹೊತ್ತು ತಿರುಗುತ್ತಿದ್ದವಳು ಮಿಸೆಸ್ ಗಾಫ್. ಅಕ್ಕನಿಗೆ ಹೇಳು, ಸೂರು ಸೋರುತ್ತಿದೆ. ತಮ್ಮನಿಗೆ ಹೇಳು, ನನ್ನ ಕಡೆ ಹನ್ನೊಂದು ವರ್ಷದಿಂದ ಸೋರುತ್ತಿದೆ.

ಆದ್ದರಿಂದ ಗುರುವಾರ ಅಕ್ಕನನ್ನು ನೋಡಿಯೇ ಇಲ್ಲ ಎಂದು ಕರ್ನಲ್ ಹೇಳಿದಾಗ ಯಾರೂ ಮರುಪ್ರಶ್ನೆ ಕೇಳಲಿಲ್ಲ. ನಾನೂ ಕೇಳಲಿಲ್ಲ.

"ಸತ್ತಮೇಲೂ ಹಗೆ ಬಿಡ್ಲಿಲ್ಲ ನೋಡು," ಎಂದ ಜೇಬೆಜ್. "ಮನೆ ಗುರುತನ್ನೂ ಕೊಡಲ್ಲ ಅಂತಾನೆ ಒಡಹುಟ್ಟಿದೋಳಿಗೆ."

ನನಗೂ ಮೊದಲು ಹಾಗೇ ಅನಿಸಿತು. ಚೀಟಿಯನ್ನು ಬೆಳಕಿಗೆ ಹಿಡಿದೆ. ಅಚ್ಚಾಗಿದ್ದ ನೀಲಿ ಲಂಗರಿನ ಮೇಲೆ ತೆಳ್ಳಗೆ ಒಂದು ಗೆರೆ ಎಳೆದಿತ್ತು. ಅದೇ ಪೆನ್ನು, ಅದೇ ಕಪ್ಪು ಶಾಯಿ.

ಅಕ್ಕನ ಮೇಲೆ ಸಿಟ್ಟಿದ್ದರೆ ಅಕ್ಕನ ಲಂಗರು ಹೊಡೆದುಹಾಕಲಿ. ತನ್ನ ಸ್ವಂತ ಕಾಗದದ ಲಂಗರನ್ನು ಯಾಕೆ ಹೊಡೆದುಹಾಕಿದ?

ಚೀಟಿ ಜೇಬಿಗೆ ಹಾಕಿಕೊಂಡೆ. ಕಿಟಕಿಯನ್ನು ಕೆತ್ತುವುದೋ ಬಿಡುವುದೋ ಎಂದು ಜೇಬೆಜ್ ಕೇಳಿದ. ಸೋಮವಾರದವರೆಗೆ ಉಳಿ ಮುಟ್ಟಬೇಡ ಎಂದೆ.

*

ನನ್ನ ಬಳಿ ಇದ್ದ ಇನ್ನೊಂದು ಎಳೆ, ಕಾಣೆಯಾದ ಒಂದು ಕಾಗದ. ಗುರುವಾರ ಮಧ್ಯಾಹ್ನದ ಟಪಾಲಿನಲ್ಲಿ ಡೋರಿಸ್ ಆಂಕರ್‌ಹೋಪ್‌ಗೆ ಕೊಟ್ಟದ್ದು ಒಂದೇ ಲಕೋಟೆ, ಮಿಸ್ ಲೆಟಿಸ್ ಹೆಸರಿಗೆ, ಹೆರೆಫರ್ಡ್ ಊರಿನ ಅಂಚೆ ಮುದ್ರೆ. ಅವರು ಬಾಗಿಲಲ್ಲೇ ಒಡೆದು ಓದಿದರು, ಒಂದು ಸಲ ಜೋರಾಗಿ ನಕ್ಕರು, ಒಳಗೆ ಹೋದರು. ನಾಲ್ಕಕ್ಕೆ ಚಹಾ ಒಯ್ದ ಮಿಸೆಸ್ ಗಾಫ್‌ಗೆ ಸಿಕ್ಕಿದ್ದು ಹೆಣ. ಆ ಕಾಗದ ಹೆಣದ ಬಳಿ ಇರಲಿಲ್ಲ, ಕೋಣೆಯಲ್ಲಿ ಇರಲಿಲ್ಲ, ಒಲೆಯ ಬೂದಿಯಲ್ಲೂ ಇರಲಿಲ್ಲ.

ಹೆರೆಫರ್ಡ್‌ನಿಂದ ಅವರಿಗೆ ಬರೆಯುತ್ತಿದ್ದವರು ಯಾರೆಂದು ಹುಡುಕಲು ಕಷ್ಟವಾಗಲಿಲ್ಲ. ಅವರ ಮೇಜಿನ ತುಂಬ ಒಂದೇ ಕೈಬರಹದ ಕಾಗದಗಳು, ಎಲ್ಲದರ ಕೆಳಗೂ ಥಿಯೊಡೋರ್ ಪೆಂಬರ್ ಎಂಬ ಸಹಿ. ನಿವೃತ್ತ ಪಾದ್ರಿ. ಮಿಸ್ ಲೆಟಿಸ್ ತಮ್ಮ ಮನೆಯ ಚರಿತ್ರೆ ಬರೆಯುತ್ತಿದ್ದರು; ಇವರು ಹಳೆಯ ಚರ್ಚಿನ ದಾಖಲೆ ಪುಸ್ತಕಗಳನ್ನು ಓದಿ ಕಳಿಸುತ್ತಿದ್ದರು. ಹತ್ತೂವರೆಯ ರೈಲು ಹಿಡಿದೆ.

ದೊಡ್ಡ ಚರ್ಚಿನ ಹಿಂದಿನ ಓಣಿಯಲ್ಲಿ ಎರಡು ಕೋಣೆ, ಒಂದು ಬೆಕ್ಕು, ಎಂಬತ್ತು ದಾಟಿದ ಮನುಷ್ಯ. ಬಾಗಿಲು ತಟ್ಟಿದ ಸದ್ದಿಗೆ ಅವರು ಎಷ್ಟು ಬೇಗ ಬಂದರೆಂದರೆ ಬಾಗಿಲ ಹಿಂದೆಯೇ ಕುರ್ಚಿ ಹಾಕಿಕೊಂಡು ಕೂತಿದ್ದರೇನೋ. ನಾನು ಸಾರ್ಜೆಂಟ್ ಎವರಾಲ್ ಎಂದು ಹೇಳಿ ಮುಗಿಸುವ ಮೊದಲೇ ಒಳಗೆ ಕೂರಿಸಿ ಸೋಂಪಿನ ಕೇಕು ಕತ್ತರಿಸಿದರು.

"ಮಿಸ್ ಪರ್ಸ್‌ಲೋ ಕಳಿಸಿದ್ರಾ? ಈ ಸಲ ಅವರು ಉತ್ತರಾನೇ ಬರೀಲಿಲ್ಲ. ಶುಕ್ರವಾರ ಬರುತ್ತೆ ಅಂದ್ಕೊಂಡಿದ್ದೆ. ನನ್ನ ಕಾಗದ ಅವರಿಗೆ ಬೇಜಾರು ಮಾಡ್ತೋ ಏನೋ."

ಅವರಿಗೆ ಸುದ್ದಿ ತಿಳಿದಿರಲಿಲ್ಲ. ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಮೂವತ್ತು ವರ್ಷದಲ್ಲಿ ಎಷ್ಟೋ ಬಾಗಿಲುಗಳಲ್ಲಿ ನಿಂತು ಸಾವಿನ ಸುದ್ದಿ ಹೇಳಿದ್ದೇನೆ, ಈ ಸಲದಷ್ಟು ಸಂಕಟ ಎಂದೂ ಆಗಿರಲಿಲ್ಲ. ಒಂಬತ್ತು ವರ್ಷ ಪ್ರತಿ ವಾರ ಕಾಗದ ಬರೆದುಕೊಂಡವರು, ಒಮ್ಮೆಯೂ ಮುಖ ನೋಡಿರಲಿಲ್ಲ. ಅವರು ಎತ್ತರ ಇದ್ದರಾ, ಕುಳ್ಳಗಿದ್ದರಾ ಎಂದು ಪಾದ್ರಿ ನನ್ನನ್ನು ಕೇಳಿದರು. ಎತ್ತರ ಎಂದೆ. ಹಾಗೇ ಅಂದುಕೊಂಡಿದ್ದೆ ಎಂದರು.

ಬೆಕ್ಕನ್ನು ಎತ್ತಿ ಮಡಿಲಿಗೆ ಹಾಕಿಕೊಂಡರು. ಆಮೇಲೆ ಕಾಗದದಲ್ಲಿ ಏನಿತ್ತೆಂದು ಕೇಳಿದೆ.

"ಮನೆ ಹೆಸರಿನ ಅರ್ಥ," ಎಂದರು. "ಸಾರ್ಜೆಂಟ್, ನಿಮ್ಮೂರಿಂದ ಸಮುದ್ರ ಎಷ್ಟು ದೂರ?"

"ಅರವತ್ತು ಮೈಲಿ."

"ಅಷ್ಟು ದೂರಕ್ಕೆ ಲಂಗರು ಹೊತ್ಕೊಂಡು ಬಂದವರು ಯಾರು?"

ಇದನ್ನು ನಾನು ಎಂದೂ ಯೋಚಿಸಿರಲಿಲ್ಲ. ಆಂಕರ್ ಎಂದರೆ ಲಂಗರು, ಹೋಪ್ ಎಂದರೆ ಭರವಸೆ. ಹುಟ್ಟಿದಾಗಿನಿಂದ ಹಾಗೇ ಓದಿಕೊಂಡು ಬಂದವರು ನಾವು. ಗೇಟಿನ ಎರಡೂ ಕಂಬದ ಮೇಲೆ ಕಲ್ಲಿನ ಲಂಗರು, ಚಮಚದ ಹಿಡಿಯಲ್ಲಿ ಲಂಗರು, ಆಳುಗಳ ಕೋಟಿನ ಗುಂಡಿಯಲ್ಲಿ ಲಂಗರು. ನನ್ನಪ್ಪ ಆ ತೋಟದಲ್ಲಿ ಮೂವತ್ತು ವರ್ಷ ದುಡಿದ, ಆ ಗುಂಡಿಗಳನ್ನು ಅಮ್ಮ ಭಾನುವಾರ ಭಾನುವಾರ ಉಜ್ಜಿ ಹೊಳಪು ಬರಿಸುತ್ತಿದ್ದಳು. ಚರ್ಚಿನಲ್ಲಿ ಪಾದ್ರಿ 'ಭರವಸೆಯೇ ಆತ್ಮದ ಲಂಗರು' ಎಂದಾಗ ಇಡೀ ಊರು ಪರ್ಸ್‌ಲೋಗಳ ಕಡೆ ತಿರುಗಿ ನೋಡುತ್ತಿತ್ತು.

"ಎಲ್ಲಾ ತಪ್ಪು," ಎಂದರು ಪೆಂಬರ್. "ಮುನ್ನೂರ ಎಂಬತ್ತು ವರ್ಷದ ಹಿಂದೆ ಆ ಜಾಗ ಕೊಂಡ ಪರ್ಸ್‌ಲೋ ಒಬ್ಬ ಉಣ್ಣೆ ವ್ಯಾಪಾರಿ. ಹೆಸರು ಕೇಳಿದ, ಲಂಗರು ಅಂದ್ಕೊಂಡ, ಕಂಬದ ಮೇಲೆ ಕೆತ್ತಿಸ್ದ. ಆ ಹೆಸರು ಅವನಿಗಿಂತ ಹಳೇದು. ನಮ್ಮ ಹಳೇ ಮಾತಲ್ಲಿ 'ಆಂಕರ' ಅಂದ್ರೆ ಲೋಕ ಬಿಟ್ಟು, ಗೋಡೆಯೊಳಗೆ ತಮ್ಮನ್ನೇ ಮುಚ್ಚಿಸ್ಕೊಂಡು ಒಂಟಿಯಾಗಿ ಬದುಕೋರು. 'ಹೋಪ್' ಭರವಸೆ ಅಲ್ಲ. ಮೂರು ಕಡೆ ಬೆಟ್ಟ ಮುಚ್ಚಿರೋ ಕಣಿವೆ. ಒಳಗೆ ಹೋದ್ರೆ ಆಚೆ ದಾರಿ ಇರಲ್ಲ."

"ಅಂದ್ರೆ ಲಂಗರೂ ಇಲ್ಲ, ಭರವಸೆಯೂ ಇಲ್ಲ."

"ಇಲ್ಲ. ಒಂಟಿ ಹೆಂಗಸಿನ ಕುರುಡು ಕಣಿವೆ. ಅಷ್ಟೇ ಅದರ ಅರ್ಥ."

ಹೆಂಗಸು ಎಂದು ಹೇಗೆ ಗೊತ್ತು ಎಂದು ಕೇಳಿದೆ. ಅದು ತಮಗೆ ತಿಳಿದದ್ದೇ ಹೋದ ಮಂಗಳವಾರ ಎಂದರು. ಆರುನೂರು ವರ್ಷದ ಹಿಂದಿನ ಒಂದು ದಾಖಲೆಯಲ್ಲಿ ಅವಳ ಹೆಸರೂ ಇತ್ತು, ಎಮ್ಮಟ್. ಬಂಗಲೆ ಇರುವ ಜಾಗದಲ್ಲಿ ಆಗ ಒಂದು ಪುಟ್ಟ ಚರ್ಚು. ಅದರ ಗೋಡೆಗೆ ಒತ್ತಿಕೊಂಡು ಅವಳ ಗೂಡು. ಅವಳನ್ನು ಒಳಗೆ ಕಳಿಸಿ, ಸತ್ತವರಿಗೆ ಓದುವ ಪ್ರಾರ್ಥನೆಯನ್ನೇ ಓದಿ, ಬಾಗಿಲಿಗೆ ಕಲ್ಲು ಕಟ್ಟಿದರು.

"ಮತ್ತೆ ಊಟ?"

"ಒಂದು ಚಿಕ್ಕ ಕಿಟಕಿ ಬಿಟ್ಟಿದ್ರು. ಅವಳಿಗೂ ಲೋಕಕ್ಕೂ ಇದ್ದ ಸಂಬಂಧ ಅದೊಂದೇ. ಕಾಗದದಲ್ಲಿ ಮಿಸ್ ಪರ್ಸ್‌ಲೋಗೆ ತಮಾಷೆಗೆ ಬರೆದಿದ್ದೆ, ಲಂಗರು ಕಿತ್ತುಹಾಕಿ ಕಿಟಕಿ ಕೆತ್ತಿಸಿ, ಅದೇ ನಿಮ್ಮ ನಿಜವಾದ ಗುರುತು ಅಂತ."

ಕೇಕಿನ ತಟ್ಟೆ ಕೆಳಗಿಟ್ಟೆ.

ಈ ವಿಷಯ ಬೇರೆ ಯಾರಿಗಾದರೂ ಹೇಳಿದ್ದೀರಾ ಎಂದು ಎರಡು ಸಲ ಕೇಳಿದೆ. ಎರಡು ಸಲವೂ ಅವರು ತಲೆಯಾಡಿಸಿದರು.

"ಹೇಳೋಕೆ ನಂಗೆ ಯಾರಿದ್ದಾರೆ, ಸಾರ್ಜೆಂಟ್? ಅವರೊಬ್ಬರೇ ಇದ್ದದ್ದು."

ವಾಪಸು ರೈಲಿನಲ್ಲಿ ಡಬ್ಬಿಗೆ ನಾನೊಬ್ಬನೇ. ಲೆಕ್ಕ ಸುಲಭವಿತ್ತು. ಗುರುವಾರ ಎರಡೂವರೆಗೆ ಮುಂಚೆ ಆ ಮನೆಯಲ್ಲಿ ಯಾರಿಗೂ ಕಿಟಕಿಯ ಸುದ್ದಿ ಗೊತ್ತಿಲ್ಲ. ನಾಲ್ಕಕ್ಕೆ ಮಿಸ್ ಲೆಟಿಸ್ ಇಲ್ಲ. ಶುಕ್ರವಾರ ಬೆಳಿಗ್ಗೆ ಕರ್ನಲ್ ಕಿಟಕಿ ಕೆತ್ತು ಎಂದು ಬರೆಯುತ್ತಾನೆ.

ಕೊಲೆ ಮಾಡಿ ತಲೆ ನೆಟ್ಟಗಿರುವವನು ಇಂಥ ಚೀಟಿ ಬರೆಯುವುದಿಲ್ಲ. ದುಃಖದಲ್ಲಿರುವವನು ಬರೆಯುತ್ತಾನೆ. ಇವನು ಎರಡೂ ಆಗಿದ್ದರೆ?

ಸ್ಟೇಷನ್ನಿನಿಂದ ನಡೆದು ನನ್ನ ಮನೆಗೆ ಬಂದೆ. ಅದಕ್ಕೆ ಹೆಸರಿಲ್ಲ, ಬರೀ ನಂಬರು. ನನ್ನ ಹೆಂಡತಿ ಹೆಸ್ಟರ್ ತೀರಿಕೊಂಡು ಆರು ವರ್ಷವಾಯಿತು, ಆ ನಂಬರನ್ನೂ ಯಾರೂ ಕೇಳುವುದಿಲ್ಲ. ಒಂಟಿತನದ ಬಗ್ಗೆ ಪುಸ್ತಕ ಬರೆಯಬೇಕೆಂದರೆ ಯಾವ ದಾಖಲೆಯೂ ನನಗೆ ಬೇಕಾಗಿಲ್ಲ.

*

ಭಾನುವಾರ ಮಧ್ಯಾಹ್ನ ಒಂದಕ್ಕೆ ಆಂಕರ್‌ಹೋಪ್‌ನ ಊಟದ ಕೋಣೆಗೆ ಹೋದೆ. ಇಪ್ಪತ್ತನಾಲ್ಕು ಜನ ಕೂರುವ ಮೇಜಿನ ತುದಿಯಲ್ಲಿ ಕರ್ನಲ್ ಒಬ್ಬನೇ ಕೂತಿದ್ದ. ಎದುರಿಗೆ ಒಂದು ತಟ್ಟೆ, ಒಂದು ಮೀನಿನ ಡಬ್ಬಿ. ಡಬ್ಬಿ ತೆರೆಯುವ ಕೀಲಿ ಮುರಿದು ಅರ್ಧದಲ್ಲೇ ನಿಂತಿತ್ತು. ಮಿಸೆಸ್ ಗಾಫ್ ಲಾಕಪ್ಪಿಗೆ ಹೋದಮೇಲೆ ಆ ಮನೆಯಲ್ಲಿ ಒಲೆ ಹಚ್ಚಿದಂತೆ ಕಾಣಲಿಲ್ಲ.

"ಬಾ ಎವರಾಲ್. ನಿಮ್ಮಪ್ಪ ನಮ್ಮ ತೋಟದಲ್ಲಿದ್ದ ಅಲ್ವಾ? ಇದನ್ನ ತೆಗೆಯೋಕೆ ಬರುತ್ತಾ ನಿಂಗೆ?"

ಐವತ್ತೆಂಟು ವರ್ಷದ ಗಂಡಸು, ಎರಡು ಯುದ್ಧ ನೋಡಿದವನು, ಒಂದು ಡಬ್ಬಿಗೆ ಸೋತಿದ್ದ. ಎದುರಿಗೆ ಅವನನ್ನು ಸರ್ ಎನ್ನುತ್ತೇನೆ, ನೀವು ಎನ್ನುತ್ತೇನೆ. ಮನಸ್ಸಿನೊಳಗೆ ಅವನಿಗೆ ಎಂದೂ ಬಹುವಚನ ಕೊಟ್ಟವನಲ್ಲ. ನನ್ನ ಚಾಕುವಿನಿಂದ ಡಬ್ಬಿ ತೆರೆದು ಅವನ ಮುಂದಿಟ್ಟೆ. ಅದರ ಪಕ್ಕದಲ್ಲಿ ಜೇಬೆಜ್‌ಗೆ ಬರೆದ ಚೀಟಿಯನ್ನೂ ಇಟ್ಟೆ.

ಅವನು ಚೀಟಿ ನೋಡಿದ. ಫೋರ್ಕು ಎತ್ತಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿಯಲ್ಲ ಆಸಾಮಿ.

"ಕಿಟಕಿ ಯಾಕೆ, ಸರ್?"

"ನನ್ನ ಇಷ್ಟ."

"ಪೆಂಬರ್ ಅನ್ನೋ ಪಾದ್ರಿ ಗೊತ್ತಾ ನಿಮಗೆ?"

"ಗೊತ್ತಿಲ್ಲ."

"ಎಮ್ಮಟ್ ಅನ್ನೋ ಹೆಂಗಸು?"

ಫೋರ್ಕು ತಟ್ಟೆಯ ಅಂಚಿಗೆ ತಾಗಿ ಸದ್ದಾಯಿತು.

ರೈಲಿನಲ್ಲಿ ಹಾಕಿದ ಲೆಕ್ಕವನ್ನೇ ಅವನ ಮುಂದೆ ಬಿಡಿಸಿಟ್ಟೆ. ಎರಡೂವರೆಗೆ ಟಪಾಲು, ನಾಲ್ಕಕ್ಕೆ ಹೆಣ, ನಡುವೆ ಒಂದೂವರೆ ಗಂಟೆ. "ಆ ಒಂದೂವರೆ ಗಂಟೇಲಿ ಮಿಸ್ ಲೆಟಿಸ್ ಈ ವಿಷಯ ನಿಮಗೆ ಹೇಳಿದ್ದಾರೆ, ಸರ್. ಬೇರೆ ಯಾರಿಂದಲೂ ನಿಮಗೆ ಗೊತ್ತಾಗೋ ಹಾಗಿಲ್ಲ. ನಾಳೆ ಹತ್ತಕ್ಕೆ ಮಿಸೆಸ್ ಗಾಫ್‌ನ ಕಟಕಟೇಲಿ ನಿಲ್ಲಿಸ್ತಾರೆ. ಅವಳ ಕತ್ತಿಗೆ ಹಗ್ಗ ಬೀಳೋವರೆಗೆ ನೀವು ಮೀನು ತಿನ್ತಾ ಕೂತಿರ್ತೀರಾ?"

ಇಷ್ಟು ಗಡುಸಾಗಿ ಮಾತಾಡುವುದು ನನ್ನ ಉದ್ದೇಶವಾಗಿರಲಿಲ್ಲ. ಮಿಸೆಸ್ ಗಾಫ್‌ಳ ಬಾಯಿ ಜೋರು ನಿಜ, ಆದರೆ ಹೆಸ್ಟರ್ ಮಲಗಿದ್ದ ಕೊನೆಯ ವಾರ ದಿನಾ ಸೂಪು ತಂದವಳು ಅವಳು. ಅವಳನ್ನು ನಾನು ಕಳೆದುಕೊಳ್ಳಲಾರೆ. ಅದನ್ನು ಕರ್ನಲ್‌ಗೆ ಹೇಳುವ ಅಗತ್ಯವಿರಲಿಲ್ಲ.

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಬಾಗಿಲು ತಟ್ಟಿದ್ಲು," ಎಂದ. "ಆ ಹಸಿರು ಬಾಗಿಲು. ನಾನು ಗಾಫ್ ಅಂದ್ಕೊಂಡು ಒಳಗೆ ಬಾ ಅಂದೆ. ಬಂದವಳು ಲೆಟ್ಟಿ. ಕೈಯಲ್ಲಿ ಕಾಗದ. 'ಆಬ್ರಿ, ಇಷ್ಟು ವರ್ಷ ತಪ್ಪು ಬೋರ್ಡು ಹಾಕ್ಕೊಂಡು ಕೂತಿದ್ವಿ ಕಣೋ' ಅಂದ್ಲು."

ಅಲ್ಲಿಂದ ಮುಂದೆ ಅವನು ನಿಲ್ಲಿಸಲಿಲ್ಲ. ಅವಳು ನಿಂತುಕೊಂಡೇ ಕಾಗದ ಓದಿದಳಂತೆ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರಂತೆ. ಗೇಟಿನ ಲಂಗರುಗಳನ್ನು ಇಳಿಸಿ ಜೇಬೆಜ್ ಕೈಯಲ್ಲಿ ಕಿಟಕಿ ಮಾಡಿಸೋಣ, ಊರ ಚರ್ಚಿನ ಪಾದ್ರಿ, ಆ ವಿಕಾರ್ ಮುಖ ನೋಡಬೇಕು ಆಗ, ಎಂದಳಂತೆ. ಹನ್ನೊಂದು ವರ್ಷ ಯಾಕೆ ಮಾತು ಬಿಟ್ಟಿದ್ದರೆಂದು ಆ ಹತ್ತು ನಿಮಿಷ ಇಬ್ಬರಿಗೂ ನೆನಪೇ ಇರಲಿಲ್ಲವಂತೆ. ಇದನ್ನು ಹೇಳುವಾಗ ಅವನ ಮುಖದಲ್ಲಿ ಒಂದು ಬೆಳಕು ಬಂದದ್ದನ್ನು ನಾನು ನೋಡಿದೆ, ಸುಳ್ಳು ಹೇಳಲಾರೆ.

"ಆಮೇಲೆ?"

"ಆಮೇಲೆ ನಾನು ಹೇಳಬೇಕಾಯ್ತು."

ಬುಧವಾರವಷ್ಟೇ ಅವನು ಬಂಗಲೆಯನ್ನು ಮಾರಿ ಸಹಿ ಹಾಕಿದ್ದ. ಕೊಂಡವರಿಗೆ ಮನೆ ಬೇಕಾಗಿರಲಿಲ್ಲ; ಬೇಕಾಗಿದ್ದದ್ದು ಕಲ್ಲು, ಮರ, ಛಾವಣಿಯ ಸೀಸ. ಕ್ರಿಸ್ಮಸ್ ಕಳೆದ ಮೇಲೆ ಕೆಡವುತ್ತಾರೆ. ಆ ಸುದ್ದಿಯನ್ನು ಎಂದಿನಂತೆ ಮಿಸೆಸ್ ಗಾಫ್ ಕೈಯಲ್ಲಿ ಹೇಳಿ ಕಳಿಸುವವನಿದ್ದ. ಅಕ್ಕ ತಾನಾಗಿ ಬಂದು ನಗುತ್ತ ನಿಂತಾಗ ಮುಚ್ಚಿಡಲು ಆಗಲಿಲ್ಲವಂತೆ.

"ಹೊರಟಳು. ಹೋಗಬೇಡ ಅಂತ ಹಿಡ್ಕೊಂಡೆ, ಎರಡೂ ತೋಳು. ಅವಳು ಕಿರುಚಲಿಲ್ಲ. 'ಒಂಟಿ ಹೆಂಗಸಿಗೆ ಒಂದು ಗೋಡೆಯಾದ್ರೂ ಬೇಕಲ್ಲೋ ಆಬ್ರಿ' ಅಂದ್ಲು. ನಾನು ಕೈ ಬಿಟ್ಟೆ."

ಹತ್ತು ನಿಮಿಷಕ್ಕೆ ಹಿಂದಿನ ಮೆಟ್ಟಿಲ ಕಡೆ ಸದ್ದಾಯಿತಂತೆ. ಹೋಗಿ ನೋಡಿದ. ಬಗ್ಗಿ ಉಸಿರು ನೋಡಿದ. ವಾಪಸು ಬಂದು ತನ್ನ ಕೋಣೆಯಲ್ಲಿ ಕೂತ. ಹೆಣವನ್ನು ಮಿಸೆಸ್ ಗಾಫ್ ಕಂಡು ಕೂಗಿಕೊಳ್ಳುವವರೆಗೆ ಕೂತೇ ಇದ್ದ.

ನನಗೆ ಮೈ ಉರಿಯಿತು. ಮೂರು ದಿನದಿಂದ ಯಾಕೆ ಬಾಯಿ ಮುಚ್ಚಿಕೊಂಡಿದ್ದೀರಿ ಎಂದು ಕೇಳಿದೆ.

"ಮಂಗಳವಾರ ಮಣ್ಣು ಆಗೋವರೆಗೆ, ಎವರಾಲ್. ಅಷ್ಟೇ ಕೇಳಿದ್ದು ನಾನು ದೇವರ ಹತ್ರ." ಅವನ ದನಿ ಇಳಿದಿತ್ತು. "ಅವಳು ಬೇಕಂತಲೇ ಬಿದ್ದು ಪ್ರಾಣ ಕಳ್ಕೊಂಡ್ಲು ಅಂತ ಗೊತ್ತಾದ್ರೆ ವಿಕಾರ್ ಪ್ರಾರ್ಥನೆ ಓದಲ್ಲ. ನಮ್ಮಪ್ಪ ಅಮ್ಮನ ಪಕ್ಕ ಜಾಗ ಕೊಡಲ್ಲ. ಗೋಡೆ ಆಚೆ ಹೂಳು ಅಂತಾನೆ."

ನಮ್ಮ ವಿಕಾರ್ ಅಂಥವನೇ. ಬುದ್ಧಿ ಸ್ತಿಮಿತದಲ್ಲಿ ಇರಲಿಲ್ಲ ಎಂದು ವಿಚಾರಣೆಯಲ್ಲಿ ಬರೆಸಿದರೆ ಅವನಂಥವನೂ ಒಪ್ಪುತ್ತಾನೆ ಎಂದೆ. ಎಷ್ಟೋ ಮನೆಯವರು ಹಾಗೇ ಬರೆಸಿದ್ದಾರೆ.

"ನಮ್ಮಕ್ಕನಿಗೆ ಹುಚ್ಚು ಅಂತ ಬರೆಸಲಾ?" ಎಂದ ಕರ್ನಲ್. "ಈ ಮನೇಲಿ ಬುದ್ಧಿ ನೆಟ್ಟಗಿದ್ದವಳು ಅವಳೊಬ್ಬಳೇ."

"ಅದಕ್ಕೆ ಬದುಕಿರೋ ಹೆಂಗಸನ್ನ ನೇಣಿಗೆ ಕಳಿಸ್ತೀರಾ?"

"ಬಿಟ್ಟುಬಿಡ್ತಾರೆ ಅಂದ್ಕೊಂಡಿದ್ದೆ. ಏನೂ ಸಾಕ್ಷಿ ಇರಲಿಲ್ಲವಲ್ಲ. ತೋಳಿನ ಗುರುತಿನ ವಿ‍ಷಯ ನಿನ್ನೆ ತಾನೇ ಕೇಳಿದ್ದು ನಾನು."

ಆ ಮಾತು ನಿಜವೋ ಸುಳ್ಳೋ ನನಗೆ ಇವತ್ತಿಗೂ ತಿಳಿಯದು. ತೋಳು ಹಿಡಿದದ್ದನ್ನು ಒಪ್ಪಿಕೊಂಡ. ಹಿಡಿದದ್ದು ಕೋಣೆಯಲ್ಲೋ, ಮೆಟ್ಟಿಲ ತುದಿಯಲ್ಲೋ, ಅವನ ಮಾತೊಂದೇ ಆಧಾರ. ಕಾಗದ ಎಲ್ಲಿ ಎಂದು ಕೇಳಿದೆ. ಅವಳ ಕೈಯಲ್ಲೇ ಇತ್ತು, ಹಿಡಿದುಕೊಂಡೇ ಹೋದಳು ಎಂದ. ಹೆಣದ ಕೈಯಲ್ಲಿ ಇರಲಿಲ್ಲ ಎಂದೆ. ನಾನು ನೋಡಿದಾಗ ಇತ್ತು ಎಂದ.

ಅದನ್ನೆಲ್ಲ ಆಮೇಲೆ ಬಿಡಿಸಬಹುದು. ಸದ್ಯಕ್ಕೆ ಮಿಸೆಸ್ ಗಾಫ್‌ಳನ್ನು ಹೊರತರಲು ಇಷ್ಟು ಸಾಕು. ಬೆರಳಿನ ಗುರುತು ಅವಳದಲ್ಲ, ಕರ್ನಲ್‌ನದು. ಇದನ್ನು ಕಾಗದದ ಮೇಲೆ ಹಾಕಿ ಅವನ ಸಹಿ ಮಾಡಿಸಿದರೆ ನಾಳೆ ಹತ್ತಕ್ಕೆ ಅವಳು ಕಟಕಟೆ ಹತ್ತಬೇಕಾಗಿಯೇ ಇರಲಿಲ್ಲ.

ಅಲ್ಲೇ ಕೂತು ಬರೆದೆ. ಮೂರು ಹಾಳೆ ಆಯಿತು. ಅವನು ಕನ್ನಡಕ ಹಾಕಿಕೊಂಡು ಒಂದೊಂದು ಸಾಲೂ ಓದಿದ, ಒಂದು ಕಡೆ ಬೆರಳಿಟ್ಟು ನನ್ನ ಕಾಗುಣಿತದ ತಪ್ಪು ತೋರಿಸಿದ. ಪೆನ್ನಿನ ಮುಚ್ಚಳ ತಿರುಗಿಸಿ ತೆಗೆದ.

ಹಜಾರದಲ್ಲಿ ಫೋನು ಬಡಿದುಕೊಂಡಿತು.

ಎತ್ತಲು ಆ ಮನೆಯಲ್ಲಿ ಆಳಿರಲಿಲ್ಲ. ಅವನು ನನ್ನ ಮುಖ ನೋಡಿದ. ಸಹಿ ಹಾಕಿ ಸರ್, ಬಂದೆ, ಎಂದು ಎದ್ದು ಹೋದೆ.

ಫೋನಿನಲ್ಲಿ ನಮ್ಮ ಠಾಣೆಯ ಪೇದೆ ಟಜ್. ಏದುಸಿರು ಬಿಡುತ್ತಿದ್ದ.

"ಸಾರ್ಜೆಂಟ್, ಬೇಗ ಬನ್ನಿ. ಮಿಸೆಸ್ ಗಾಫ್ ತಪ್ಪೊಪ್ಪಿಕೊಂಡ್ಲು."

ಮೊದಲು ನನಗೆ ಅರ್ಥವಾಗಲಿಲ್ಲ. ಇನ್ನೊಂದು ಸಲ ಹೇಳು ಎಂದೆ.

ಬೆಳಗಿನ ಪೂಜೆ ಮುಗಿಸಿ ವಿಕಾರ್ ಲಾಕಪ್ಪಿಗೆ ಬಂದಿದ್ದನಂತೆ. ಅವಳ ಎದುರಿಗೆ ನಿಂತು, ಮಿಸ್ ಲೆಟಿಸ್ ಬೇಕೆಂದೇ ಬಿದ್ದು ಸತ್ತರೆಂದು ಊರಲ್ಲಿ ಮಾತಿದೆ, ಹಾಗಾದರೆ ತಾನು ಮಣ್ಣು ಮಾಡುವುದಿಲ್ಲ, ನಿಜ ಹೇಳು ಎಂದನಂತೆ. ಅವಳು ಕಾಗದ ಪೆನ್ಸಿಲ್ ಕೇಳಿದಳು. ನಾನೇ ಮೆಟ್ಟಿಲ ಮೇಲಿಂದ ತಳ್ಳಿದೆ, ಇಪ್ಪತ್ತು ವರ್ಷದಿಂದ ಹೇಳುತ್ತಿದ್ದೆನಲ್ಲ, ಎಂದು ಬರೆದು ಸಹಿ ಹಾಕಿದಳು. ವಿಕಾರ್ ಸಾಕ್ಷಿ ಹಾಕಿದ. ಸಾಹೇಬರಿಗೆ ಆಗಲೇ ಸುದ್ದಿ ಹೋಗಿದೆ.

"ಇನ್ನೊಂದಿದೆ ಸಾರ್ಜೆಂಟ್. ರವಿಕೆಯೊಳಗಿಂದ ಒಂದು ಕಾಗದ ತೆಗೆದುಕೊಟ್ಲು. ಹೆರೆಫರ್ಡ್‌ನಿಂದ ಬಂದಿದ್ದು. ತಳ್ಳಿದಾಗ ಅಮ್ಮಾವ್ರ ಕೈಯಲ್ಲಿತ್ತು, ನಾನೇ ಕಿತ್ಕೊಂಡೆ ಅಂತಾಳೆ. ಕೆಳಗಿನ ಅರ್ಧ ಹರಿದಿದೆ. ಎಲ್ಲಿ ಅಂದ್ರೆ ಒಲೆಗೆ ಹಾಕ್ದೆ ಅಂತಾಳೆ."

ಫೋನು ಕೆಳಗಿಟ್ಟೆ. ಹರಿದು ಬಚ್ಚಿಡುವಂಥದ್ದು ಪೆಂಬರ್ ಬರೆದದ್ದರಲ್ಲಿ ಏನೂ ಇರಲಿಲ್ಲ; ಆ ಅರ್ಧ ಹಾಳೆಯ ಮೇಲೆ ಮಿಸ್ ಲೆಟಿಸ್ ಕೊನೆಯ ಹತ್ತು ನಿಮಿಷದಲ್ಲಿ ಏನೋ ಬರೆದಿದ್ದಿರಬೇಕು. ಅದನ್ನು ಓದಿದವಳು ಮಿಸೆಸ್ ಗಾಫ್ ಒಬ್ಬಳೇ. ಓದಿದ್ದನ್ನು ಮುಚ್ಚಿಡಲು ತನ್ನ ಕತ್ತನ್ನೇ ಕೊಡಲು ಹೊರಟಿದ್ದಾಳೆ. ಅಲ್ಲಿ ಯಾರ ಹೆಸರಿತ್ತು, ಯಾರನ್ನು ಕಾಯುತ್ತಿದ್ದಾಳೆ, ಸತ್ತವಳನ್ನೋ ಬದುಕಿರುವವನನ್ನೋ?

ಊಟದ ಕೋಣೆಗೆ ವಾಪಸು ಬಂದೆ. ಕರ್ನಲ್ ಪೆನ್ನು ಹಿಡಿದುಕೊಂಡೇ ಕೂತಿದ್ದ. ನಿಬ್ಬು ಕಾಗದಕ್ಕೆ ಇನ್ನೂ ಮುಟ್ಟಿರಲಿಲ್ಲ.

"ಏನಂತೆ?"

ಹೇಳಬಾರದಿತ್ತು. ಮೊದಲು ಸಹಿ, ಆಮೇಲೆ ಸುದ್ದಿ. ಠಾಣೆಗೆ ಹೊಸದಾಗಿ ಸೇರಿದವನಿಗೂ ಅಷ್ಟು ಗೊತ್ತಿರುತ್ತದೆ. ಆದರೆ ಅವಳು ಮಾಡಿದ್ದನ್ನು ಕೇಳಿ ಇವನಿಗೆ ನಾಚಿಕೆಯಾಗಲಿ, ತಕ್ಷಣ ಸಹಿ ಹಾಕಿ ನನ್ನ ಜೊತೆ ಎದ್ದು ಬರಲಿ ಎಂದು ನನಗನಿಸಿತು. ಇದ್ದದ್ದು ಇದ್ದಂತೆ ಹೇಳಿಬಿಟ್ಟೆ.

ಅವನು ಕೊನೆಯವರೆಗೂ ಕೇಳಿದ. ವಿಕಾರ್ ಸಾಕ್ಷಿ ಹಾಕಿದ್ದಾನಾ ಎಂದು ಒಂದೇ ಪ್ರಶ್ನೆ ಕೇಳಿದ. ಹೌದು ಎಂದೆ.

"ಹಾಗಾದ್ರೆ ಮಂಗಳವಾರ ಪ್ರಾರ್ಥನೆ ಓದ್ತಾನೆ," ಎಂದ.

ಪೆನ್ನಿನ ಮುಚ್ಚಳ ಹಾಕಿ ತಿರುಗಿಸಿದ. ಮೂರೂ ಹಾಳೆಗಳನ್ನು ಅಂಚು ಕೂಡಿಸಿ ಜೋಡಿಸಿದ, ಆ ಉದ್ದ ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದ.

"ಇದು ನಿನ್ನ ಕೈಬರಹ, ಎವರಾಲ್. ಇದರಲ್ಲಿ ನನ್ನದು ಏನೂ ಇಲ್ಲ. ಮಂಗಳವಾರ ಹನ್ನೊಂದಕ್ಕೆ ಮಣ್ಣಿಗೆ ಬಾ."